ಬ್ಲೌಸಿನ ನಂಬರು ಬ್ರಾಗೆ ನಡೆಯದು

ಬ್ರಾ ಸೈಜನ್ನು ಮನೆಯಲ್ಲೇ ಗೊತ್ತುಮಾಡಿಕೊಳ್ಳುವುದು ಹೇಗೆ ಎಂದು ಕೇಳಿ ಮುಂಬಯಿ, ಪುಣೆ, ಗೋವಾ ಕಡೆಯಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೇ ತೆಗೆದುಕೊಂಡಿದ್ದೇವೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿದ್ದಾರೆ. ಹಾಗಾಗಿ ಊರಷ್ಟೇ ಹಾಕಿದ್ದೇವೆ.

ಪ್ರಶ್ನೆ: ನನ್ನ ಬ್ಲೌಸಿನ ಅಳತೆ 36. ಅದೇ ಲೆಕ್ಕದಲ್ಲಿ 36ಬಿ ಬ್ರಾ ತರುತ್ತೇನೆ. ತಿಂಗಳೊಳಗೆ ಬೆನ್ನಿನ ಪಟ್ಟಿ ಮೇಲೇರುತ್ತದೆ, ಸ್ಟ್ರಾಪ್ ಜಾರುತ್ತದೆ. ಲೋಕಲ್ ರೈಲಿನಲ್ಲಿ ಕೈ ಎತ್ತಿ ಹಿಡಿ ಹಿಡಿದು ನಿಂತರೆ ಕಪ್ಪೇ ಮೇಲೆ ಬರುತ್ತದೆ. ಸ್ಟ್ರಾಪ್ ಬಿಗಿ ಮಾಡಿದರೆ ಭುಜದ ಮೇಲೆ ಬರೆ. ಕಪ್ ದೊಡ್ಡದು ಬೇಕೋ, ಸಣ್ಣದೋ? — ಡೊಂಬಿವಲಿ

ಉತ್ತರ: ಕಪ್ ಬಹುಶಃ ಸರಿಯಾಗಿಯೇ ಇದೆ. ತಪ್ಪಿರುವುದು 36. ದರ್ಜಿ ಬ್ಲೌಸಿಗೆ ಬರೆದುಕೊಳ್ಳುವ 36 ಎಂದರೆ ಎದೆಯ ತುಂಬು ಭಾಗದ ಮೇಲೆ ಟೇಪು ಸುತ್ತಿದಾಗ ಬರುವ ಇಂಚು. ಬ್ರಾ ಮೇಲಿನ 36 ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ ಕೂರುವ ಪಟ್ಟಿಯ ನಂಬರು. ಎರಡೂ ಬೇರೆ ಜಾಗದ ಅಳತೆ. ಆಕಾರದಲ್ಲಿ ಒಂದೇ ಅಂಕಿಯಾಗಿ ಕಾಣುವುದರಿಂದ ಅರ್ಧ ಊರೇ ಈ ತಪ್ಪು ಮಾಡುತ್ತದೆ.

ಟೇಪು ತೆಗೆದುಕೊಳ್ಳಿ. ಮೊದಲು ಅದನ್ನೇ ಪರೀಕ್ಷಿಸಿ: ಹಳೆಯ ಟೇಪು ಎಳೆದುಕೊಂಡು ಉದ್ದವಾಗಿರುತ್ತದೆ. ಮಕ್ಕಳ 30 ಸೆಂ.ಮೀ. ಸ್ಕೇಲಿನ ಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಟೇಪು ಇಲ್ಲದಿದ್ದರೆ ಲಂಗದ ಲಾಡಿ ಸಾಕು. ಸುತ್ತಿ, ಸೇರಿದ ಕಡೆ ಪೆನ್ನಿನಲ್ಲಿ ಗುರುತು ಹಾಕಿ, ಬಿಚ್ಚಿ ಸ್ಕೇಲಿನಲ್ಲಿ ಅಳೆಯಿರಿ. ಇಂಚಿಗಿಂತ ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ, ಏಕೆಂದು ಮುಂದಿನ ಉತ್ತರದಲ್ಲಿದೆ. ಮುಟ್ಟಿಗೆ ಮುಂಚಿನ ವಾರ ಎದೆ ಬಿಗಿದಿರುತ್ತದೆ. ಮುಟ್ಟು ಮುಗಿದ ವಾರದಲ್ಲಿ ಅಳೆಯುವುದು ಒಳ್ಳೆಯದು.

ಪ್ಯಾಡ್ ಇಲ್ಲದ ತೆಳು ಬ್ರಾ ಹಾಕಿ, ಇಲ್ಲವೇ ಏನೂ ಹಾಕದೆ, ಕನ್ನಡಿಯ ಮುಂದೆ ನಿಲ್ಲಿ. ಎದೆ ಮುಗಿದು ಪಕ್ಕೆ ಶುರುವಾಗುವ ಗೆರೆಯಲ್ಲಿ ಟೇಪು ಸುತ್ತಿ. ಉಸಿರು ಪೂರ್ತಿ ಬಿಟ್ಟು, ಟೇಪು ಮೈಗೆ ಅಂಟುವಷ್ಟು ಬಿಗಿ ಮಾಡಿ ಓದಿ. ಎಲ್ಲರೂ ತಪ್ಪುವುದು ಬೆನ್ನಿನ ಕಡೆ: ಕಣ್ಣಿಗೆ ಕಾಣದ್ದರಿಂದ ಟೇಪು ಅಲ್ಲಿ ಕೆಳಗಿಳಿದಿರುತ್ತದೆ, ಎರಡು ಮೂರು ಸೆಂಟಿಮೀಟರು ಸುಮ್ಮನೆ ಹೆಚ್ಚು ಬರುತ್ತದೆ. ಪಕ್ಕಕ್ಕೆ ತಿರುಗಿ, ಟೇಪು ನೆಲಕ್ಕೆ ಸಮನಾಗಿದೆಯೇ ಎಂದು ಕನ್ನಡಿಯಲ್ಲಿ ನೋಡಿ.

ಆಮೇಲೆ ತುಂಬು ಭಾಗದ ಮೇಲೆ. ಇಲ್ಲಿ ಟೇಪು ಮುಟ್ಟಿದಂತಿರಬೇಕು, ಒತ್ತಬಾರದು. ನೆಟ್ಟಗೆ ನಿಂತು ಒಂದು ಸಲ, ಸೊಂಟದಿಂದ ಮುಂದಕ್ಕೆ ಪೂರ್ತಿ ಬಾಗಿ ಒಂದು ಸಲ ತೆಗೆಯಿರಿ. ಬ್ರಾ ಹಾಕಿಲ್ಲದಿದ್ದರೆ, ಅದರಲ್ಲೂ ಹೆರಿಗೆಯಾದ ಮೇಲೆ ಅಥವಾ ತೂಕ ಇಳಿದ ಮೇಲೆ ಎದೆ ಮೆತ್ತಗಾಗಿ ಜೋತಿದ್ದರೆ, ನಿಂತಾಗಿನ ಅಳತೆ ಕಡಿಮೆ ತೋರಿಸುತ್ತದೆ. ಎರಡರ ನಡುವಿನದನ್ನು ಹಿಡಿಯಿರಿ.

ಈಗ ಲೆಕ್ಕ. ಕೆಳಗಿನ ಅಳತೆ 63ರಿಂದ 67 ಸೆಂ.ಮೀ. ಇದ್ದರೆ ಪಟ್ಟಿ 30. 68ರಿಂದ 72 ಇದ್ದರೆ 32. 73ರಿಂದ 77 ಇದ್ದರೆ 34. 78ರಿಂದ 82 ಇದ್ದರೆ 36. 83ರಿಂದ 87 ಇದ್ದರೆ 38. ಮೇಲಿನ ಅಳತೆಯಲ್ಲಿ ಕೆಳಗಿನದನ್ನು ಕಳೆಯಿರಿ. ವ್ಯತ್ಯಾಸ 12ರಿಂದ 14 ಸೆಂ.ಮೀ. ಬಂದರೆ ಎ ಕಪ್, 14ರಿಂದ 16 ಬಿ, 16ರಿಂದ 18 ಸಿ, 18ರಿಂದ 20 ಡಿ. ಅದರಾಚೆಗೆ ಒಂದು ಕಂಪನಿ ಡಿಡಿ ಎನ್ನುತ್ತದೆ, ಇನ್ನೊಂದು ಇ ಎನ್ನುತ್ತದೆ. ಅವರವರ ಸೈಜ್ ಚಾರ್ಟನ್ನೇ ನೋಡಬೇಕು.

ನಿಮ್ಮಂತೆ 36ರ ಬ್ಲೌಸು ಹಾಕುವವರನ್ನು ತೆಗೆದುಕೊಳ್ಳೋಣ. 36 ಇಂಚು ಎಂದರೆ ಸುಮಾರು 91.5 ಸೆಂ.ಮೀ. ಕೆಳಗಿನ ಅಳತೆ 75 ಬಂತು ಎನ್ನಿ. ವ್ಯತ್ಯಾಸ 16.5. ಅಂದರೆ ಬೇಕಾದದ್ದು 34ಸಿ. ನೀವು ತರುತ್ತಿರುವುದು 36ಬಿ. ವಿಚಿತ್ರವೆಂದರೆ ಈ ಎರಡರ ಕಪ್ಪೂ ಹಿಡಿಯುವುದು ಒಂದೇ ಪ್ರಮಾಣ. ಪಟ್ಟಿ ಒಂದು ನಂಬರು ಇಳಿದಾಗ ಕಪ್ ಒಂದು ಅಕ್ಷರ ಏರಿದರೆ ಒಳಗಿನ ಜಾಗ ಬದಲಾಗುವುದಿಲ್ಲ: 32ಸಿ, 34ಬಿ, 36ಎ ಮೂರಕ್ಕೂ ಒಂದೇ ಕಪ್. ಇವನ್ನು ಸಿಸ್ಟರ್ ಸೈಜ್ ಎನ್ನುತ್ತಾರೆ. ಆದ್ದರಿಂದಲೇ ಅಂಗಡಿಯಲ್ಲಿ 36ಬಿ ಹಾಕಿ ನೋಡಿದಾಗ ಕಪ್ ಸರಿ ಕಂಡು ನೀವು ಒಪ್ಪಿಕೊಂಡು ಬರುತ್ತೀರಿ. ಭಾರ ಹೊರಬೇಕಾದ ಪಟ್ಟಿ ಸಡಿಲ. ಎಲಾಸ್ಟಿಕ್ ಹೊಸದಿರುವಷ್ಟು ದಿನ ತಡೆದುಕೊಂಡು, ಆಮೇಲೆ ಮುಂದಿನ ಭಾರಕ್ಕೆ ಬೆನ್ನ ಕಡೆ ಮೇಲೇರುತ್ತದೆ. ಹಿಂದೆ ಪಟ್ಟಿ ಏರಿದಷ್ಟೂ ಮುಂದೆ ಕಪ್ ಬಾಗುತ್ತದೆ, ಸ್ಟ್ರಾಪ್ ಸಡಿಲವಾಗಿ ಜಾರುತ್ತದೆ. ನೀವು ಸ್ಟ್ರಾಪ್ ಬಿಗಿ ಮಾಡಿದಾಗ ಪಟ್ಟಿಯ ಕೆಲಸವೆಲ್ಲ ಭುಜದ ಪಾಲಿಗೆ ಬರುತ್ತದೆ. ಬರೆ ಬಿದ್ದದ್ದು ಹಾಗೆ.

‘ಸಿ ಎಂದರೆ ತೀರಾ ದೊಡ್ಡದಲ್ಲವೇ’ ಎಂದು ಅನ್ನಿಸಬಹುದು. ಬರೀ ಅಕ್ಷರಕ್ಕೆ ಅರ್ಥವಿಲ್ಲ. 32ಸಿ ಕಪ್ಪನ್ನು 38ಸಿ ಕಪ್ಪಿನೊಳಗೆ ಇಟ್ಟರೆ ಅಲ್ಲಾಡುತ್ತದೆ.

34ಸಿ ತಂದು ಹಾಕುವಾಗ ಹುಕ್ಕನ್ನು ಎಲ್ಲಕ್ಕಿಂತ ಹೊರಗಿನ, ಅಂದರೆ ಅತಿ ಸಡಿಲದ ಸಾಲಿಗೆ ಹಾಕಿ. ಒಳಗಿನ ಎರಡು ಸಾಲು ಇರುವುದು ಎಲಾಸ್ಟಿಕ್ ಹಿಗ್ಗಿದ ಮೇಲಿನ ದಿನಗಳಿಗೆ. ಮೊದಲ ದಿನವೇ ಒಳಸಾಲಿಗೆ ಹಾಕಬೇಕಾಗಿ ಬಂದರೆ ಪಟ್ಟಿ ದೊಡ್ಡದಾಯಿತು. ಸ್ವಲ್ಪ ಮುಂದಕ್ಕೆ ಬಾಗಿ, ಎದುರು ಕೈಯನ್ನು ಕಪ್ಪಿನೊಳಗೆ ಹಾಕಿ, ಕಂಕುಳ ಕಡೆ ಸರಿದಿರುವ ಮಾಂಸವನ್ನು ಮುಂದಕ್ಕೆ ತಂದುಕೊಳ್ಳಿ. ಇದನ್ನು ಮಾಡದೆ ಕಪ್ ಸರಿಯಿದೆಯೋ ಇಲ್ಲವೋ ಹೇಳಲು ಬರುವುದಿಲ್ಲ. ಬೆನ್ನ ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು. ಸ್ಟ್ರಾಪ್‌ಗಳನ್ನು ಭುಜದಿಂದ ಇಳಿಸಿ ಎರಡು ಹೆಜ್ಜೆ ನಡೆಯಿರಿ. ಪಟ್ಟಿ ಇದ್ದಲ್ಲೇ ಇದ್ದರೆ ಅದು ನಿಮ್ಮ ಸೈಜು. ಕೊನೆಗೆ ಲೋಕಲ್‌ನ ಹಿಡಿ ಹಿಡಿದಂತೆ ಕೈ ಎತ್ತಿ ನೋಡಿ.

ಪ್ರಶ್ನೆ: ಕೆಳಗೆ 30 ಇಂಚು, ಮೇಲೆ 35½ ಇಂಚು. ಮೊಬೈಲಿನಲ್ಲಿ ಒಂದು ಕಡೆ ಹಾಕಿದರೆ 30ಡಿಡಿ ಎಂದು ಬರುತ್ತದೆ. ಅಂಗಡಿಯವರು 34ಬಿ ಕೊಡುತ್ತಾರೆ. ಡಿಡಿ ಕೇಳಿದರೆ ನನ್ನನ್ನು ಮೇಲಿಂದ ಕೆಳಗೆ ನೋಡಿ ನಗುತ್ತಾರೆ. ಯಾರದು ಸರಿ? — ಕೋಥ್ರೂಡ್, ಪುಣೆ

ಉತ್ತರ: ಲೆಕ್ಕದ ಕ್ರಮವೇ ಎರಡು ಇವೆ. ಕಪ್ಪಿಗೆ ಎ, ಬಿ, ಸಿ, ಡಿ ಅಕ್ಷರ ಬಂದದ್ದು 1932ರಲ್ಲಿ, ಅಮೆರಿಕದ ಎಸ್.ಎಚ್. ಕ್ಯಾಂಪ್ ಎಂಬ ಕಂಪನಿಯಿಂದ. ಆಗಿನ ಬ್ರಾ ಬಟ್ಟೆ ಹೆಚ್ಚು ಹಿಗ್ಗುತ್ತಿರಲಿಲ್ಲ. ಉಸಿರಾಡಲು, ಕೂತೇಳಲು ಜಾಗ ಬೇಕಲ್ಲ, ಅದಕ್ಕೆ ಕೆಳಗಿನ ಅಳತೆಗೆ ನಾಲ್ಕೈದು ಇಂಚು ಕೂಡಿಸಿ ಪಟ್ಟಿಯ ನಂಬರು ಹೇಳುವ ರೂಢಿ ಬೆಳೆಯಿತು. 1958ರಲ್ಲಿ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಸ್ಪ್ಯಾಂಡೆಕ್ಸ್ ನೂಲು ಕಂಡುಹಿಡಿದ ಮೇಲೆ ಬಟ್ಟೆ ರಬ್ಬರಿನಂತೆ ಹಿಗ್ಗತೊಡಗಿತು. ಆದರೂ ಹಳೆಯ ನಂಬರುಗಳು ಹಾಗೇ ಉಳಿದವು. ನಮ್ಮಲ್ಲಿ ಸಿಗುವ ಹೆಚ್ಚಿನ ಬ್ರಾಗಳ ಮೇಲಿನ 34, ಮೇಲೆ ಹೇಳಿದಂತೆ, 73ರಿಂದ 77 ಸೆಂ.ಮೀ. ಮೈಗೆ. ಅದು 29–30 ಇಂಚೇ ಹೊರತು 34 ಇಂಚಲ್ಲ. ಯುರೋಪಿನ ಲೇಬಲ್ಲಿನಲ್ಲಿ ಇದಕ್ಕೇ 75 ಎಂದು ಹಾಕುತ್ತಾರೆ. ಅದು ಹೆಚ್ಚು ಪ್ರಾಮಾಣಿಕ ಎನ್ನುವುದು ನಮ್ಮ ಅಭಿಪ್ರಾಯ.

ಮೊಬೈಲಿನದು ಏನನ್ನೂ ಕೂಡಿಸದ ಕ್ರಮ: 30 ಇಂಚಿದ್ದರೆ ಪಟ್ಟಿ 30, ಮೇಲೆ ಹೆಚ್ಚಿರುವ ಪ್ರತಿ ಇಂಚಿಗೆ ಒಂದು ಅಕ್ಷರ, ಎ, ಬಿ, ಸಿ, ಡಿ, ಡಿಡಿ. ಸಿಸ್ಟರ್ ಸೈಜಿನ ಮೆಟ್ಟಿಲು ಹತ್ತಿ ನೋಡಿ: 30ಡಿಡಿ, 32ಡಿ, 34ಸಿ. ಅಂಗಡಿಯವರ 34ಬಿಗೂ ಇದಕ್ಕೂ ಇರುವ ಜಗಳ ಒಂದೇ ಒಂದು ಕಪ್ಪಿನದು. ನಗುವಂಥದ್ದೂ ಗಾಬರಿಯಾಗುವಂಥದ್ದೂ ಇದರಲ್ಲಿಲ್ಲ.

ಜಗಳ ಬಿಡಿಸುವುದು ಬ್ರಾವೇ. ಕೊಳ್ಳುವ ಮುಂಚೆ ಹುಕ್ಕು ಬಿಚ್ಚಿ ಪಟ್ಟಿಯನ್ನು ತುದಿಯಿಂದ ತುದಿಗೆ ಚಾಚಿ, ಸಾಧಾರಣ ಬಲ ಹಾಕಿ ಇನ್ನು ಎಳೆಯಲಾಗದು ಅನ್ನಿಸುವಷ್ಟು ಎಳೆದು ಟೇಪಿನಲ್ಲಿ ಅಳೆಯಿರಿ. ನಿಮ್ಮ ಮೈ 76 ಸೆಂ.ಮೀ. ಪೂರಾ ಎಳೆದಾಗ 80–82 ಬಂದರೆ ಸರಿಯಾದ ಬಿಗಿ. 90 ಬಂದರೆ ಮೇಲೆ 34 ಎಂದೇ ಬರೆದಿರಲಿ, ಅದು ನಿಮಗೆ ಸಡಿಲ. 32ಕ್ಕೆ ಇಳಿದು ಕಪ್ ಒಂದು ಏರಿಸಿ. 75ಕ್ಕೇ ನಿಂತರೆ ಮುಟ್ಟಬೇಡಿ. ತೆಳು ಎಲಾಸ್ಟಿಕ್ಕಿನ ಅಗ್ಗದ ಬ್ರಾ ಬೇಕಾದಷ್ಟು ಹಿಗ್ಗುತ್ತದೆ, ಪವರ್‌ನೆಟ್ ಎಂಬ ದಪ್ಪ ಜಾಲರಿ ಬಟ್ಟೆ ಅಷ್ಟು ಹಿಗ್ಗುವುದಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಈ ವ್ಯತ್ಯಾಸ ಇರುತ್ತದೆ.

ನಿಮ್ಮ ವ್ಯತ್ಯಾಸ ಸುಮಾರು 14 ಸೆಂ.ಮೀ., ಎ ಮತ್ತು ಬಿ ಗಡಿ. 34ಬಿ, 34ಸಿ, 32ಡಿ ಮೂರನ್ನೂ ಹಾಕಿ ನೋಡಿ. ಕಪ್ಪಿನ ಮೇಲಂಚಿನಲ್ಲಿ ಮಾಂಸ ಉಕ್ಕಿ ಟಾಪಿನ ಮೇಲೆ ಎರಡು ಗೆರೆ ಕಂಡರೆ ಕಪ್ ಸಣ್ಣದು. ಎರಡು ಕಪ್ಪಿನ ನಡುವಿನ ತುಂಡು ಎದೆಮೂಳೆಗೆ ತಾಗದೆ ಸೇತುವೆಯಂತೆ ಎದ್ದು ನಿಂತರೂ ಕಪ್ ಸಣ್ಣದೇ. ಬಟ್ಟೆ ನೆರಿಗೆ ಕಟ್ಟಿದರೆ ದೊಡ್ಡದು. ಆದರೆ ನೆರಿಗೆ ಮೇಲ್ಭಾಗದಲ್ಲಿ ಮಾತ್ರ ಇದ್ದು ಕೆಳಗೆ ತುಂಬಿದ್ದರೆ ಸೈಜು ಬದಲಿಸಬೇಡಿ, ಮಾದರಿ ಬದಲಿಸಿ. ಮೇಲ್ಭಾಗ ಕತ್ತರಿಸಿದಂತಿರುವ ಬಾಲ್ಕನೆಟ್ ಕಪ್ ಅಂಥ ಎದೆಗೆ ಹೊಂದುತ್ತದೆ.

ಪ್ರಶ್ನೆ: ತುಳಶಿಬಾಗ್ ಮಾರುಕಟ್ಟೆಯಲ್ಲಿ ಟ್ರಯಲ್ ಇಲ್ಲ. ವಾಪಸೂ ತೆಗೆದುಕೊಳ್ಳುವುದಿಲ್ಲ. ಕಣ್ಣಂದಾಜಿನಲ್ಲಿ ತರುವುದು ಹೇಗೆ? — ಪುಣೆ

ಉತ್ತರ: ಕಣ್ಣಂದಾಜು ಬೇಡ. ಪರ್ಸಿನಲ್ಲಿ ಟೇಪು ಒಯ್ಯಿರಿ, ಮೇಲೆ ಹೇಳಿದಂತೆ ಪಟ್ಟಿ ಎಳೆದು ಅಳೆಯಿರಿ, ಯಾರೂ ಏನೂ ಅನ್ನುವುದಿಲ್ಲ. ನಿಮಗೆ ಸರಿ ಹೊಂದಿದ ಹಳೆಯ ಬ್ರಾ ಒಂದನ್ನು ಚೀಲದಲ್ಲಿ ಇಟ್ಟುಕೊಂಡು ಕಪ್ಪಿನ ಮೇಲೆ ಕಪ್ ಇಟ್ಟು ನೋಡುವುದೂ ಒಳ್ಳೆಯ ಉಪಾಯ. ಕಪ್ಪಿನ ಕೆಳಗೆ ವೈರ್ ಇದ್ದರೆ ಅದರ ಅಗಲ ಒಂದೇ ಇದೆಯೇ ನೋಡಿ. ಮೊದಲ ಸಲ ಒಂದೇ ಕೊಳ್ಳಿ. ಮೂರರ ಸೆಟ್ಟು ಅಗ್ಗ ಎಂದು ತಂದು, ಮೂರೂ ಕಪಾಟು ಸೇರಿದರೆ ಅದಕ್ಕಿಂತ ದುಬಾರಿ ಇಲ್ಲ. ಫ್ರೀ ಸೈಜ್ ಎಂದು ಮಾರುವುದನ್ನು ಬಿಟ್ಟುಬಿಡಿ.

ಪ್ರಶ್ನೆ: ವೈರ್ ಇರುವ ಬ್ರಾ ಕಂಕುಳಲ್ಲಿ ಚುಚ್ಚುತ್ತದೆ. ಎದೆಯ ಕೆಳಗೆ ಬೆವರಿ ಕೆಂಪಗೆ ತುರಿಕೆ. ಮಳೆಗಾಲದಲ್ಲಿ ಇನ್ನೂ ಹೆಚ್ಚು. — ವಾಸ್ಕೋ, ಗೋವಾ

ಉತ್ತರ: ಚುಚ್ಚುವ ಕಡೆ ವೈರ್ ತುದಿಯ ಮೇಲೆ ಬೆರಳಿಟ್ಟು ಒತ್ತಿ. ಅಡಿಯಲ್ಲಿ ಪಕ್ಕೆಲುಬು ಸಿಕ್ಕಿದರೆ ವೈರ್ ಇರಬೇಕಾದಲ್ಲೇ ಇದೆ. ಕಪ್ ನಿಮಗೆ ಎತ್ತರ, ಪಕ್ಕದಲ್ಲಿ ತಗ್ಗಿರುವ ಮಾದರಿ ನೋಡಿ. ಮೆತ್ತಗೆ ತಗ್ಗಿದರೆ ವೈರ್ ಕೂತಿರುವುದು ಎದೆಯ ಮಾಂಸದ ಮೇಲೆ, ಕಪ್ ಸಣ್ಣದು. ಹೆಚ್ಚಿನವರು ನೋವೆಂದು ಪಟ್ಟಿ ದೊಡ್ಡದು ಮಾಡುತ್ತಾರೆ. ಆಗ ವೈರ್ ಅಲ್ಲಾಡಿ ಇನ್ನಷ್ಟು ಉಜ್ಜುತ್ತದೆ. ತುದಿ ಬಟ್ಟೆ ಹರಿದು ಹೊರಬಂದಿದ್ದರೆ ಒಳತಳ್ಳಿ, ಬಾಯಿಯನ್ನು ಒತ್ತೊತ್ತಾಗಿ ಹೊಲಿದರೆ ಕೆಲವು ವಾರ ನಡೆಯುತ್ತದೆ. ವಾಶಿಂಗ್ ಮೆಶೀನಿಗೆ ಹಾಕಿದರೆ ಇದು ಬೇಗ ಆಗುತ್ತದೆ.

ತುರಿಕೆ ಚರ್ಮಕ್ಕೆ ಚರ್ಮ ಅಂಟಿ ಬೆವರು ಆರದೆ ಬರುವಂಥದ್ದು. ಸ್ನಾನದ ನಂತರ ಆ ಮಡಿಕೆಯನ್ನು ಉಜ್ಜದೆ ಒತ್ತಿ ಒರೆಸಿ, ಫ್ಯಾನಿನ ಕೆಳಗೆ ಎರಡು ನಿಮಿಷ ಆರಲು ಬಿಡಿ. ಕಪ್ ಕೆಳಭಾಗ ಎದೆಯನ್ನು ಎತ್ತಿ ಹಿಡಿದರೆ ಮಡಿಕೆಗೆ ಗಾಳಿ ಆಡುತ್ತದೆ. ಇಲ್ಲೂ ಸೈಜಿನದೇ ಮಾತು. ಮಳೆಗಾಲದಲ್ಲಿ ಪ್ಯಾಡ್ ಇರುವುದನ್ನು ಬಿಟ್ಟು ತೆಳು ಹತ್ತಿಯದು ಹಾಕಿ, ಮಧ್ಯಾಹ್ನ ಒಮ್ಮೆ ಬದಲಿಸಿ. ಅರೆ ಒಣಗಿದ್ದನ್ನು ಮೈಶಾಖಕ್ಕೆ ಒಣಗೀತು ಎಂದು ಹಾಕಿಕೊಳ್ಳುವುದೇ ಹೆಚ್ಚಿನ ತೊಂದರೆಗೆ ಮೂಲ. ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಕೊಡುವ ಬೆರಕೆ ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ: ಎರಡು ದಿನ ಹಾಯೆನಿಸಿ, ಆಮೇಲೆ ಶಿಲೀಂಧ್ರದ ಸೋಂಕು ಹರಡಿಕೊಳ್ಳುತ್ತದೆ. ವಾರದಲ್ಲಿ ಇಳಿಯದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಮಗಳಿಗೆ 12. ಟೇಪು ಹಿಡಿದರೆ ನಾಚಿ ಓಡುತ್ತಾಳೆ. — ಬೊರಿವಲಿ

ಉತ್ತರ: ಟೇಪನ್ನು ಅವಳ ಕೈಗೇ ಕೊಡಿ. ತೆಳು ಬನಿಯನ್ನಿನ ಮೇಲೆ ಅವಳೇ ಅಳೆದು ಎರಡು ಅಂಕಿ ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು. ವ್ಯತ್ಯಾಸ 12 ಸೆಂ.ಮೀ. ಆಗುವ ತನಕ ಕಪ್ ಬೇಕಿಲ್ಲ; ಹುಕ್ಕಿಲ್ಲದ, ತಲೆಯಿಂದ ಹಾಕುವ ಹತ್ತಿಯ ಬಿಗಿನರ್ಸ್ ಬ್ರಾ ಸಾಕು, ಪಿ.ಟಿ. ದಿನಕ್ಕೆ ಸ್ವಲ್ಪ ಬಿಗಿಯಾದದ್ದು ಒಂದು. ಈ ವಯಸ್ಸಿನಲ್ಲಿ ಮೂರು ತಿಂಗಳಿಗೊಮ್ಮೆ ಅಳತೆ ಬದಲಾಗಬಹುದು, ಮುಂದಕ್ಕೂ ಆದೀತೆಂದು ದೊಡ್ಡದು ತರಬೇಡಿ. ಶಾಲೆಯ ಬಿಳಿ ಶರ್ಟಿನ ಒಳಗೆ ಬಿಳಿ ಬ್ರಾ ಎದ್ದು ಕಾಣುತ್ತದೆ, ಮೈಬಣ್ಣದ್ದು ಕಾಣುವುದಿಲ್ಲ. ಹುಡುಗಿಯರಿಗೆ ಸೈಜಿಗಿಂತ ಇದರದ್ದೇ ಚಿಂತೆ.

ಪ್ರಶ್ನೆ: ಈಗ ಏಳು ತಿಂಗಳು. ಹಾಲುಣಿಸುವ ಬ್ರಾ ಈಗಲೇ ತೆಗೆದಿಡಲೇ? — ಪಿಂಪ್ರಿ

ಉತ್ತರ: ಈಗ ಬೇಡ. ಪಕ್ಕೆಗೂಡು ಇನ್ನೂ ಅಗಲವಾಗಲಿದೆ. ಸದ್ಯಕ್ಕೆ ಕಪ್ ಸರಿಯಿದ್ದು ಪಟ್ಟಿ ಮಾತ್ರ ಬಿಗಿಯಾಗಿದ್ದರೆ ಹುಕ್ಕಿನ ಎಕ್ಸ್‌ಟೆಂಡರ್ ತುಂಡು ಸಿಗುತ್ತದೆ, ಅದನ್ನು ಜೋಡಿಸಿಕೊಳ್ಳಿ. ನಿಮ್ಮ ಬ್ರಾದಲ್ಲಿ ಎರಡು ಹುಕ್ಕೋ ಮೂರೋ ನೋಡಿಕೊಂಡು ತನ್ನಿ. ಒಂಬತ್ತಕ್ಕೆ ಬಿದ್ದ ಮೇಲೆ ಅಳೆದು ಎರಡೇ ಎರಡು ತನ್ನಿ. ಅತಿ ಸಡಿಲದ ಸಾಲಿಗೆ ಹಾಕಿದಾಗ ಸರಿಯಾಗಿರಬೇಕು, ಏಕೆಂದರೆ ಹೆರಿಗೆಯ ನಂತರ ಪಕ್ಕೆ ಇಳಿದು ಒಳಸಾಲಿಗೆ ಬರುತ್ತೀರಿ. ಕಪ್ ಒಂದೆರಡು ಅಕ್ಷರ ಮೇಲಿರಲಿ. ಎರಡನೆಯ ದಿನದಿಂದ ಐದನೆಯ ದಿನದೊಳಗೆ ಹಾಲು ತುಂಬಿದಾಗ ಅದೂ ಬಿಗಿಯೆನಿಸೀತು. ಮೊದಲ ವಾರಗಳಲ್ಲಿ ವೈರ್ ಬೇಡ, ಒಂದೇ ಕಡೆ ಒತ್ತಿ ಹಾಲಿನ ನಾಳ ಕಟ್ಟಿಕೊಳ್ಳಬಹುದು. ಅಂಗಡಿಯಲ್ಲಿ ಕಪ್ಪಿನ ಕ್ಲಿಪ್ಪನ್ನು ಒಂದೇ ಕೈಯಲ್ಲಿ ಬಿಚ್ಚಿ ಹಾಕಿ ನೋಡಿ. ಇನ್ನೊಂದು ಕೈಯಲ್ಲಿ ಮಗು ಇರುತ್ತದೆ.

ಪ್ರಶ್ನೆ: ವಯಸ್ಸು 62. ಭುಜ ಹಿಡಿದುಕೊಂಡಿದೆ, ಹಿಂದೆ ಹುಕ್ಕು ಹಾಕಲಾಗುವುದಿಲ್ಲ. ಮೊದಲು ಹಾಕುತ್ತಿದ್ದ ಕಾಟನ್ ಬಾಡಿಯೇ ವಾಸಿಯೇ? ಇನ್ನೊಂದು, ಬ್ರಾ ಹಾಕಿ ಮಲಗಿದರೆ ಕ್ಯಾನ್ಸರ್ ಬರುತ್ತದೆಂದು ಸೊಸೆ ಹೇಳುತ್ತಾಳೆ. — ಮಾಟುಂಗಾ

ಉತ್ತರ: ಮುಂದೆ ಹುಕ್ಕಿರುವುದು ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದರಲ್ಲಿ ಸಡಿಲ-ಬಿಗಿ ಸಾಲುಗಳಿರುವುದಿಲ್ಲ, ಒಂದೇ ಜಾಗ. ಆದ್ದರಿಂದ ಕೆಳಗಿನ ಅಳತೆ ಕರಾರುವಾಕ್ಕಾಗಿರಬೇಕು. ಹಿಂದಿನ ಹುಕ್ಕನ್ನು ಮುಂದೆ ಹಾಕಿ ತಿರುಗಿಸಿಕೊಳ್ಳುವುದೂ ನಡೆಯುತ್ತದೆ, ಬೆವರಿದ ಮೈಮೇಲೆ ಎಳೆಯದಿದ್ದರೆ ಸರಿ. ವಯಸ್ಸಾದಂತೆ ಎದೆ ಮೆತ್ತಗಾಗಿ ಕೆಳಗಿಳಿಯುವುದರಿಂದ ನಲವತ್ತರ ವಯಸ್ಸಿನ ಸೈಜು ಈಗ ಸುಳ್ಳಾಗಿರುತ್ತದೆ, ಬಾಗಿ ಅಳೆಯಿರಿ. ಹಿಗ್ಗದ ಕಾಟನ್ ಬಾಡಿಯಾದರೆ ಒಂದು ಸೈಜು ಮೇಲಿನದು ಬೇಕು.

ಕ್ಯಾನ್ಸರ್ ಮಾತು ನಿಜವಲ್ಲ. ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು 1,500ಕ್ಕೂ ಹೆಚ್ಚು ಮಹಿಳೆಯರನ್ನು ವಿಚಾರಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಪ್ ಅಳತೆ, ದಿನಕ್ಕೆ ಎಷ್ಟು ಗಂಟೆ, ವೈರ್ ಇತ್ತೋ ಇಲ್ಲವೋ, ಯಾವ ವಯಸ್ಸಿಗೆ ಹಾಕಲು ಶುರುಮಾಡಿದರು ಯಾವುದಕ್ಕೂ ಸ್ತನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಮಲಗುವಾಗ ಹಾಕುವುದೂ ಬಿಡುವುದೂ ನಿಮ್ಮ ಹಿತ. ಆದರೆ ಅಳೆಯುವಾಗ ಗಂಟು ಸಿಕ್ಕಿದರೆ, ಒಂದೇ ಕಡೆ ಹೊಸದಾಗಿ ಅಳತೆ ಬದಲಾಗಿದ್ದರೆ, ತೊಟ್ಟು ಒಳಗೆ ಸೆಳೆದಿದ್ದರೆ ಅಥವಾ ಚರ್ಮ ಕಿತ್ತಳೆ ಸಿಪ್ಪೆಯಂತಾಗಿದ್ದರೆ ಬ್ರಾ ಅಂಗಡಿ ಬಿಟ್ಟು ಡಾಕ್ಟರಲ್ಲಿಗೆ ಹೋಗಿ.

ಪ್ರಶ್ನೆ: ಮೊದಲಿನಿಂದಲೂ ನನಗೆ ಎಡಗಡೆ ದೊಡ್ಡದು. ಯಾವುದಕ್ಕೆ ಅಳತೆ? — ಠಾಣೆ

ಉತ್ತರ: ದೊಡ್ಡದಕ್ಕೆ. ಪ್ಯಾಡ್ ತೆಗೆಯಬಹುದಾದ ಬ್ರಾ ತಂದು ಎಡಗಡೆಯದನ್ನು ತೆಗೆದುಬಿಡಿ, ಬಲಗಡೆ ಇರಲಿ. ಬಲಗಡೆ ಸ್ಟ್ರಾಪ್ ಅರ್ಧ ಇಂಚು ಬಿಗಿ. ಸ್ವಲ್ಪ ಹೆಚ್ಚುಕಡಿಮೆ ಎಲ್ಲರಿಗೂ ಇರುತ್ತದೆ.

ಪ್ರಶ್ನೆ: ಒಂದು ಬ್ರಾ ಎಷ್ಟು ಕಾಲ ಬರಬೇಕು? — ಮಡಗಾಂವ್

ಉತ್ತರ: ದಿನ ಬಿಟ್ಟು ದಿನ ಹಾಕಿದರೆ ಆರರಿಂದ ಹನ್ನೆರಡು ತಿಂಗಳು. ತಿಂಗಳ ಲೆಕ್ಕಕ್ಕಿಂತ ಹುಕ್ಕಿನ ಸಾಲು ನೋಡಿ: ಒಳಸಾಲಿಗೆ ಬಂದ ಮೇಲೂ ಪಟ್ಟಿ ಏರಿದರೆ ಮುಗಿಯಿತು. ಎಲಾಸ್ಟಿಕ್ ಕೊಲ್ಲುವವು ಬಿಸಿನೀರು, ಬ್ಲೀಚ್, ಡ್ರೈಯರ್, ನೆತ್ತಿಯ ಬಿಸಿಲು. ತಣ್ಣೀರಿನಲ್ಲಿ ಸೌಮ್ಯ ಸೋಪು ಹಾಕಿ ಹತ್ತು ನಿಮಿಷ ನೆನೆಸಿ, ಕಪ್ಪನ್ನು ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ. ಸ್ಟ್ರಾಪ್ ಹಿಡಿದು ಹಗ್ಗಕ್ಕೆ ತೂಗುಹಾಕಬೇಡಿ, ನೀರಿನ ಭಾರಕ್ಕೆ ಅದೇ ಮೊದಲು ಉದ್ದವಾಗುತ್ತದೆ. ಎರಡು ಕಪ್ಪಿನ ನಡುವೆ ಮಡಚಿ ಹಗ್ಗದ ಮೇಲೆ ಹಾಕಿ.